ಲ್ಯಾಪ್‌ಟಾಪ್ ಇದ್ದರೆ ದೇಶ ಬೇಕೇ? ನಿವೃತ್ತ ಹಡಗಿನ ಕ್ಯಾಪ್ಟನ್ ಉತ್ತರಿಸುತ್ತಾರೆ

ಪ್ರಶ್ನೆ (ಸದಾಶಿವಗಡ): ಕ್ಯಾಪ್ಟನ್ ಸರ್, ನಮಸ್ಕಾರ. ಮನೆಯಲ್ಲೇ ಕುಳಿತು ಯುರೋಪಿನ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ವೀಸಾ ಬೇಕಾಗಲಿಲ್ಲ, ಯಾರ ಶಿಫಾರಸೂ ಬೇಕಾಗಲಿಲ್ಲ. ಹೀಗಿರುವಾಗ ದೇಶದ ಗಡಿ, ಸರ್ಕಾರ ಎಲ್ಲ ಇನ್ನೆಷ್ಟು ದಿನ? ಎಸ್ಟೋನಿಯಾ ದೇಶ ಹೊರಗಿನವರಿಗೂ ಕೊಡುವ ಡಿಜಿಟಲ್ ಗುರುತಿನ ಕಾರ್ಡು, ಅಂದರೆ ಇ-ರೆಸಿಡೆನ್ಸಿಗೆ ಅರ್ಜಿ ಹಾಕೋಣವೆಂದಿದ್ದೇನೆ.

ಉತ್ತರ: ತಮ್ಮಾ, ಗಡಿಯಿಲ್ಲದ ಕೆಲಸ ನಿನ್ನ ಲ್ಯಾಪ್‌ಟಾಪಿನಿಂದ ಶುರುವಾದದ್ದಲ್ಲ. ಮಾಲೀಕ ಗ್ರೀಸಿನವನು, ಬಾವುಟ (ಅಂದರೆ ಹಡಗಿನ ನೋಂದಣಿ) ಪನಾಮಾದ್ದು, ಸರಕು ಬ್ರೆಜಿಲಿನದ್ದು, ಎಂಜಿನ್ ಕೋಣೆಯಲ್ಲಿ ನಮ್ಮವರು ಮತ್ತು ಫಿಲಿಪ್ಪೀನ್ಸಿನವರು. ಹಡಗುಗಳು ಬಹಳ ಕಾಲದಿಂದ ಹೀಗೇ ಓಡುತ್ತಿವೆ. ಸಂಬಳ ಸರಿಯಾಗಿ ಬರುತ್ತಿರುವವರೆಗೆ ಅಲ್ಲಿ ಯಾರಿಗೂ ಸರ್ಕಾರದ ನೆನಪಾಗುವುದಿಲ್ಲ. ಮಾಲೀಕ ದಿವಾಳಿಯೆದ್ದು ಹಡಗನ್ನು ಪರದೇಶದ ಬಂದರಿನ ಹೊರಗೆ ಬಿಟ್ಟು ಕೈತೊಳೆದುಕೊಂಡಾಗ ಡೀಸೆಲ್ ಮುಗಿಯುತ್ತದೆ, ಕುಡಿಯುವ ನೀರು ಮುಗಿಯುತ್ತದೆ, ಇಳಿಯಲು ಆ ದೇಶ ಬಿಡುವುದಿಲ್ಲ. ಆಗ ಎಲ್ಲರೂ ಹುಡುಕುವುದು ತಮ್ಮ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆಯನ್ನು.

ಇಂಥವರಿಗಾಗಿಯೇ 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದದಲ್ಲಿ ಒಂದು ನಿಯಮವಿದೆ. ಕೈಬಿಟ್ಟ ಸಿಬ್ಬಂದಿಗೆ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ ಮತ್ತು ಊರಿಗೆ ಮರಳುವ ಖರ್ಚಿಗೆ ಮಾಲೀಕ ಮೊದಲೇ ವಿಮೆಯಂಥ ಭದ್ರತೆ ಒದಗಿಸಿರಬೇಕು. ಆಮೇಲೆ ತಿದ್ದುಪಡಿಯಾಗಿ ಸೇರಿದ ಈ ನಿಯಮ 2017ರಲ್ಲಿ ಜಾರಿಗೆ ಬಂದಿತು. ಮಾಲೀಕನ ಕಿವಿ ಹಿಂಡಿ ಅದನ್ನು ಪಾಲಿಸುವಂತೆ ಮಾಡಬೇಕಾದವರು ಬಾವುಟ ಕೊಟ್ಟ ಸರ್ಕಾರ, ಬಂದರಿನ ಸರ್ಕಾರ. ನಿನ್ನ ಯುರೋಪಿನ ಕಂಪನಿ ನಾಳೆ ಹಣ ಕೊಡದಿದ್ದರೆ ಯಾವ ನ್ಯಾಯಾಲಯಕ್ಕೆ ಹೋಗುತ್ತೀಯ? ಕರಾರು ಪತ್ರದಲ್ಲಿ ಅದನ್ನು ಇವತ್ತೇ ನೋಡು.

ಇ-ರೆಸಿಡೆನ್ಸಿ 2014ರಲ್ಲಿ ಶುರುವಾದದ್ದು. ಅದರಿಂದ ಕಂಪನಿ ತೆರೆಯಬಹುದು, ಡಿಜಿಟಲ್ ಸಹಿ ಹಾಕಬಹುದು. ಪೌರತ್ವ ಸಿಗುವುದಿಲ್ಲ, ಅಲ್ಲಿ ವಾಸಿಸುವ ಹಕ್ಕೂ ಇಲ್ಲ. ಅಂದ ಹಾಗೆ, ಆ ಕಾರ್ಡನ್ನು ಕೊಡುವುದೂ ಒಂದು ಸರ್ಕಾರವೇ!

ಪ್ರಶ್ನೆ (ಶಿರಸಿ): ಸರ್, ಸರ್ಕಾರಗಳನ್ನು ಸ್ವಲ್ಪ ಹೆಚ್ಚೇ ಹೊಗಳಿದಿರಿ ಅನಿಸುತ್ತದೆ.

ಉತ್ತರ: ತಂಗಿ, ಹೊಗಳಿಕೆ ನನ್ನ ಉದ್ದೇಶವಲ್ಲ. 2020ರಲ್ಲಿ ಕೊರೊನಾ ಭಯಕ್ಕೆ ಸರ್ಕಾರಗಳು ನಾವಿಕರಿಗೆ ಬಂದರು ಮುಚ್ಚಿದ್ದರಿಂದ ಕರಾರು ಮುಗಿದ ಸುಮಾರು 4 ಲಕ್ಷ ನಾವಿಕರು ಹಡಗುಗಳಲ್ಲೇ ಸಿಕ್ಕಿಬಿದ್ದರು. ಜಗತ್ತಿನ ಅಕ್ಕಿ, ಗೋಧಿ, ಔಷಧ ಇಳಿಸಿಕೊಳ್ಳಲು ಅಡ್ಡಿಯಿರಲಿಲ್ಲ; ತಂದವನು ಮಾತ್ರ ಇಳಿಯಬಾರದು. ಇದಕ್ಕಿಂತ ನಾಚಿಕೆಗೇಡು ಇನ್ನೇನು?

ಗಡಿ ಶಾಶ್ವತ ಎಂಬ ಭ್ರಮೆಯೂ ನನಗಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಆಮೇಲೆ ಮುಂಬೈಗೆ ಸೇರಿತು, 1956ರಲ್ಲಿ ಮೈಸೂರಿಗೆ ಬಂದಿತು. 1961ರ ಡಿಸೆಂಬರ್‌ವರೆಗೆ ಗೋವಾ ಗಡಿಯ ಮಾಜಾಳಿ ದಾಟಿದರೆ ಪೋರ್ಚುಗೀಸರ ಸೀಮೆ. ಅವರು ಹೋದರೂ ಅಲ್ಲಿ ಚೀಲ ತಡಕುವುದು ನಿಂತಿಲ್ಲ, ಈಗ ಅಬಕಾರಿಯವರು ಗೋವಾದ ಬಾಟಲಿ ಹುಡುಕುತ್ತಾರೆ. ನನ್ನ ಪ್ರಕಾರ ಮುಂದಿನ ಸರ್ಕಾರದ ಕೆಲಸ ಜನರನ್ನು ಒಳಗೆ ಕಟ್ಟಿಹಾಕುವುದಲ್ಲ. ಹೊರಗೆ ಹೋದವನು ತೊಂದರೆಗೆ ಸಿಲುಕಿದಾಗ ‘ಇವನು ನಮ್ಮವನು’ ಎಂದು ಮುಂದೆ ಬರುವುದು.

ಪ್ರಶ್ನೆ (ಅಂಕೋಲಾ): ಅಣ್ಣನ ಮಗನಿಗೆ ಏಜೆಂಟ್ ಒಬ್ಬ ಹಡಗಿನ ಕೆಲಸ ಕೊಡಿಸುತ್ತೇನೆಂದಿದ್ದಾನೆ. ಏನು ನೋಡಬೇಕು?

ಉತ್ತರ: ಹಿಂದೆ ಏಜೆಂಟನ ಮಾತೇ ವೇದವಾಕ್ಯವಾಗಿತ್ತು. ಈಗ ಹುಡುಗ ಮೊಬೈಲಿನಲ್ಲೇ ಕೇಂದ್ರದ ನೌಕಾಯಾನ ಮಹಾನಿರ್ದೇಶನಾಲಯದ ಜಾಲತಾಣ ತೆರೆದು ಆ ಏಜೆಂಟನಿಗೆ ನೇಮಕಾತಿ ಪರವಾನಗಿ ಇದೆಯೇ ಎಂದು ನೋಡಬಹುದು. ಹಡಗಿನ ಹೆಸರು, ಬಾವುಟದ ದೇಶ, ಸಹಿಯಾದ ಕರಾರು, ಈ ಮೂರನ್ನೂ ಹೊರಡುವ ಮೊದಲೇ ಕೇಳಿ. ಕೆಲಸ ಕೊಡಿಸಲು ಹಣ ಕೇಳಿದರೆ, ಅಥವಾ ಇಷ್ಟು ಪ್ರಶ್ನೆಗೇ ಅವನು ಸಿಡುಕಿದರೆ, ಹುಡುಗನನ್ನು ಕಳುಹಿಸಬೇಡಿ.