ಜಪಾನಿನ ಸಲಿಂಗಿ ಗಾಯಕರು ಏಜೆನ್ಸಿ ಇಲ್ಲದೆ ಹಾಡು ಹೊರತರುವುದು ಹೇಗೆ?

ಮಂದ್ರಸ್ಥಾಯಿ: ತಾವು ಸಲಿಂಗಿಗಳೆಂದು ಮುಚ್ಚುಮರೆಯಿಲ್ಲದೆ ಹೇಳುವ ಜೆ-ಪಾಪ್ (ಜಪಾನಿನ ಪಾಪ್) ಗಾಯಕರಲ್ಲಿ ಇಂಡಿಗಳೇ, ಅಂದರೆ ಸ್ವತಂತ್ರವಾಗಿ ಹಾಡುವವರೇ, ಹೆಚ್ಚು ಕಾಣುತ್ತಾರೆ. ದೊಡ್ಡ ಏಜೆನ್ಸಿಗಳಲ್ಲಿ ಯಾಕಿಷ್ಟು ಕಡಿಮೆ? ಏಜೆನ್ಸಿ ಇಲ್ಲದವರು ಬಿಡುಗಡೆ ಹೇಗೆ ಮಾಡುತ್ತಾರೆ?

ತಂಬೂರಿ: ಅಲ್ಲಿನ ಏಜೆನ್ಸಿ, ಅಂದರೆ ಜಿಮುಷೊ, ಹಾಡಿನ ಜೊತೆಗೆ ಗಾಯಕರ ಇಮೇಜನ್ನೂ ಮಾರುತ್ತದೆ. ಟಿವಿ, ಜಾಹೀರಾತು, ಫ್ಯಾನ್ ಕ್ಲಬ್ ಎಲ್ಲ ಅದರ ಕೈಯಲ್ಲಿ. ಐಡಲ್ (ಏಜೆನ್ಸಿ ಬೆಳೆಸುವ ಯುವ ತಾರೆ) ಒಬ್ಬರಿಗೆ ಗೆಳತಿ ಇರುವುದನ್ನೇ ಮುಚ್ಚಿಡುವ ಕಡೆ ಗೆಳೆಯನ ಮಾತು ಎಲ್ಲಿ ಬಂತು? ಎಎಎ ಎಂಬ ಪಾಪ್ ತಂಡದ ಶಿಂಜಿರೊ ಅತಾಎ ಟೋಕಿಯೊದಲ್ಲಿ ಸುಮಾರು 2,000 ಅಭಿಮಾನಿಗಳ ಮುಂದೆ ತಾನು ಸಲಿಂಗಿ ಎಂದದ್ದು 2023ರ ಜುಲೈ 26ರಂದು. ತಂಡ ಶುರುವಾದದ್ದು 2005ರಲ್ಲಿ, ಅವರು ಹೇಳುವ ಹೊತ್ತಿಗೆ ಅದು ವಿರಾಮದಲ್ಲಿತ್ತು. 2022ರಲ್ಲಿ ಜಪಾನಿನ ಸಮ್ಮರ್ ಸಾನಿಕ್ ಸಂಗೀತೋತ್ಸವದ ವೇದಿಕೆಯಲ್ಲಿ ಸಲಿಂಗ ವಿವಾಹದ ಹಕ್ಕಿನ ಬಗ್ಗೆ ಮಾತಾಡಿದ ಗಾಯಕಿ ರೀನಾ ಸವಾಯಾಮಾ ಅವರದು ಆಗ ಬ್ರಿಟಿಷ್ ಲೇಬಲ್ (ಹಾಡು ಹೊರತರುವ ಕಂಪನಿ). ಧೈರ್ಯ ಇಬ್ಬರದೂ ದೊಡ್ಡದೇ, ಆದರೆ ತಡೆಯುವವರು ಎಷ್ಟು ಹತ್ತಿರ ಇದ್ದರು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಶ್ರುತಿಪೆಟ್ಟಿಗೆ: ಬಿಡುಗಡೆಯ ದಾರಿ ಹೇಳುತ್ತೇನೆ. ಗಾಯಕರ ಹಾಡನ್ನು ಸ್ಟ್ರೀಮಿಂಗ್ ಸೇವೆಗಳಿಗೆ ತಲುಪಿಸುವ ಟ್ಯೂನ್‌ಕೋರ್ ಜಪಾನ್ 2012ರಿಂದ, ಸ್ಟ್ರೀಮಿಂಗ್ ಸೇವೆ ಸ್ಪಾಟಿಫೈ 2016ರಿಂದ ಅಲ್ಲಿವೆ. 16 ಬಿಟ್, 44.1 ಕಿಲೋಹರ್ಟ್ಜ್ ವೇವ್ ಫೈಲ್, 3000×3000 ಪಿಕ್ಸೆಲ್‌ನ ಚೌಕ ಕವರ್ ಚಿತ್ರ, ಪ್ರತಿ ರೆಕಾರ್ಡಿಂಗ್‌ಗೂ ಬೇರೆ ಐಎಸ್‌ಆರ್‌ಸಿ (ಗುರುತಿನ) ಸಂಖ್ಯೆ ಸಿದ್ಧವಿರಲಿ. ಗಾಯಕರ ಹೆಸರು ಒಮ್ಮೆ ಜಪಾನಿನ ಕಾಂಜಿ ಲಿಪಿಯಲ್ಲಿ, ಇನ್ನೊಮ್ಮೆ ರೋಮನ್ ಲಿಪಿಯಲ್ಲಿ ಕೊಟ್ಟರೆ ಒಬ್ಬರಿಗೇ ಎರಡು ಪುಟ ಹುಟ್ಟಿ ಕೇಳುಗರು ಹಂಚಿಹೋಗುತ್ತಾರೆ. ಪ್ಲೇಲಿಸ್ಟ್‌ಗೆ ಹಾಡು ಆರಿಸುವ ಸ್ಪಾಟಿಫೈ ಸಂಪಾದಕರಿಗೆ ಹಾಡು ಕಳಿಸುವುದಾದರೆ ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ಕಳಿಸಬೇಕು, ಹಾಡು ಹೊರಬಂದ ಮೇಲೆ ಆ ಬಾಗಿಲು ಮುಚ್ಚಿತು.

ಕವರ್, ಅಂದರೆ ಬೇರೆಯವರ ಹಾಡು, ಹಾಡುವವರೊಂದು ಗಮನಿಸಬೇಕು. ಹಾಡುಗಳ ಹಕ್ಕು ನೋಡಿಕೊಳ್ಳುವ ಜಪಾನಿನ ಸಂಸ್ಥೆ ಜಾಸ್ರಾಕ್ ಜೊತೆ ಯೂಟ್ಯೂಬ್‌ಗೆ ಒಪ್ಪಂದವಿದೆ, ಹಾಗಾಗಿ ಅದರ ಕೈಯಲ್ಲಿರುವ ಹಾಡುಗಳನ್ನು ಸ್ವಂತ ವಾದ್ಯದಲ್ಲಿ ನುಡಿಸಿ ಹಾಡಬಹುದು. ಕರೋಕೆ ಕಂಪನಿಯ ಟ್ರ್ಯಾಕ್ ಹಿನ್ನೆಲೆಗಿಟ್ಟರೆ ಮಾತ್ರ ವಿಡಿಯೊವನ್ನು ಅಳಿಸಿಹಾಕಿಸಬಹುದು, ಆ ಧ್ವನಿಮುದ್ರಣದ ಹಕ್ಕು ಬೇರೆಯವರದು.

ಚಿಟಿಕೆತಾಳ: ದೊಡ್ಡ ಲೇಬಲ್‌ನಲ್ಲಿ ಆಗುವುದೇ ಇಲ್ಲ ಅನ್ನಬೇಡಿ. ಟ್ರಾನ್ಸ್ ಮಹಿಳೆ, ಗಾಯಕಿ ಅತಾರು ನಕಾಮುರಾ 2007ರಲ್ಲೇ ಜಪಾನಿನ ಸಾರ್ವಜನಿಕ ಟಿವಿ ಎನ್‌ಎಚ್‌ಕೆಯ ವರ್ಷಾಂತ್ಯದ ಹಾಡಿನ ಸ್ಪರ್ಧೆ ಕೊಹಾಕುವಿನಲ್ಲಿ ಹೆಂಗಸರ ಕೆಂಪು ತಂಡದ ಪರ ಹಾಡಿದ್ದರು.

ಇನ್ನು ಇಂಡಿಯವರಿಗೆ ಸ್ಟ್ರೀಮಿಂಗ್ ದುಡ್ಡಲ್ಲಿ ಬಾಡಿಗೆ ಕಟ್ಟುವುದು ಕಷ್ಟ, ವೇದಿಕೆ ಹತ್ತಲೇಬೇಕು. ಅಲ್ಲಿ ಕೈ ಸುಡುವುದು ಲೈವ್ ಹೌಸ್‌ಗಳ (ಸಣ್ಣ ಸಂಗೀತ ಸಭಾಂಗಣಗಳ) ನೊರುಮಾ, ಅಂದರೆ ಗಾಯಕರೇ ಮಾರಬೇಕಾದ ಟಿಕೆಟ್ ಕೋಟಾ. ಉದಾಹರಣೆಗೆ 2,000 ಯೆನ್‌ನ 20 ಟಿಕೆಟ್ ಗಾಯಕರ ತಲೆಗೆ ಕಟ್ಟಿದರು ಅನ್ನಿ. 8 ಮಾರಿದರೆ ಉಳಿದ 12ರ 24,000 ಯೆನ್ ಅವರ ಜೇಬಿನಿಂದಲೇ ಹೋಗಬೇಕು. ಮನೆಯವರಿಗೆ, ಆಫೀಸಿನವರಿಗೆ ಇನ್ನೂ ಹೇಳಿಕೊಳ್ಳದವರು ಅವರಿಗೆ ಟಿಕೆಟ್ ಮಾರುವುದಾದರೂ ಹೇಗೆ? ಅಂಥವರು ಮೊದಲು ನೊರುಮಾ ಇಲ್ಲದ ಬಾರ್, ಕೆಫೆಗಳಲ್ಲಿ ಹಾಡಿ ಕೇಳುಗರನ್ನು ಗಳಿಸಿಕೊಳ್ಳುವುದು ಒಳ್ಳೆಯದು. ಟೋಕಿಯೊದ ಷಿಂಜುಕು ನಿ-ಚೋಮೆ ಬಡಾವಣೆಯಲ್ಲಿ ಇವರ ಸಮುದಾಯದವೇ ಬಾರ್‌ಗಳು ಸಾಲುಸಾಲಾಗಿವೆ.