ಒಂದು ಲೀಟರ್ ಟರ್ಬೊ ಇಂಜಿನ್ ಎಷ್ಟು ದಿನ ಬಾಳುತ್ತೆ? ಹಳೇ ಕಾರು ಕೊಳ್ಳೋಣವೋ ಬೇಡವೋ

ವಾಕಡ್‌ಧಾರವಾಡ:

ಎಲ್ಲರಿಗೂ ನಮಸ್ಕಾರ. ಧಾರವಾಡ ಬಿಟ್ಟು ಪುಣೆಗೆ ಬಂದು ಆರು ವರ್ಷ ಆಯಿತು. ವಾಕಡ್‌ನಲ್ಲಿ ಮನೆ, ಹಿಂಜವಡಿಯಲ್ಲಿ ಕೆಲಸ. ದೂರ ಏನೂ ಇಲ್ಲ, ಆದರೆ ಟ್ರಾಫಿಕ್ ನಿಮಗೆ ಗೊತ್ತೇ ಇದೆ, ಮೊದಲ ಎರಡು ಗೇರಿನಲ್ಲೇ ಆಫೀಸು ಬಂದುಬಿಡುತ್ತೆ. ತಿಂಗಳಿಗೊಮ್ಮೆ ಊರಿಗೆ ಹೋಗುತ್ತೇನೆ, ಅದು ಒಂದು ಕಡೆಗೆ ಸುಮಾರು 400 ಕಿಲೋಮೀಟರ್.

ಬಾಣೇರ್‌ನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡಿದ್ದೇನೆ. 2020ರ ಬಿಎಸ್6, ಒಂದು ಲೀಟರ್, ಮೂರು ಸಿಲಿಂಡರ್, ಟರ್ಬೊ ಪೆಟ್ರೋಲ್. 58,000 ಓಡಿದೆ, ಒಬ್ಬರೇ ಮಾಲೀಕರು. ಕಂಪನಿ ಹೆಸರು ಬೇಡ, ಸುಮ್ನೆ ಇಲ್ಲಿ ಜಗಳ ಶುರುವಾಗುತ್ತೆ. ಓಡಿಸಿ ನೋಡಿದೆ, ಮಜಾ ಇದೆ. ಆದರೆ ನಮ್ಮಪ್ಪ ಒಪ್ಪುತ್ತಿಲ್ಲ. 19 ವರ್ಷ ಒಂದೇ ಮಾರುತಿ 800 ಓಡಿಸಿದವರು ಅವರು. ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಕರುವಿಗೆ ನೊಗ ಹೂಡಿದಂಗ ಆಗ್ತದ, ತಮ್ಮಾ. ಎರಡು ವರ್ಷ ಓಡ್ತದ, ಆಮ್ಯಾಲೆ ಮಂಡಿ ಊರ್ತದ."

ನನಗೆ ಎಂಟು ಹತ್ತು ವರ್ಷ ಇಟ್ಟುಕೊಳ್ಳೋ ಕಾರು ಬೇಕು. ಒಂದೂವರೆ ಲಕ್ಷ ಕಿಲೋಮೀಟರ್ ಆದಮೇಲೆ ಟರ್ಬೊ ಕೈಕೊಡುತ್ತಾ? ಇಂಜಿನ್ ಸಿಲಿಂಡರ್ ಸವೆದು ಬೋರಿಗೆ ಬರುತ್ತಾ? ಓಡಿಸಿದವರು ಹೇಳಿ.

ಡೊಂಬಿವಲಿಭಟ್ಟ:

ನಿಮ್ಮಪ್ಪನ ಮಾತು ಚೆನ್ನಾಗಿದೆ, ಆದರೆ ಆ ಕರು ಈ ದೇಶದಲ್ಲಿ ಯಾವತ್ತೋ ನೊಗ ಹೊತ್ತಾಗಿದೆ ಮಾರಾಯರೇ. ಫಿಯೆಟ್‌ನ 1.3 ಮಲ್ಟಿಜೆಟ್ ಡೀಸೆಲ್ ನೆನಪಿದೆಯಾ? 1248 ಸಿಸಿ, ಅದಕ್ಕೊಂದು ಟರ್ಬೊ. ಸ್ವಿಫ್ಟ್, ಡಿಸೈರ್, ಇಂಡಿಕಾ ವಿಸ್ಟಾ, ಪುಂಟೊ, ಎಲ್ಲದರೊಳಗೂ ಅದೇ ಇತ್ತು. ನಿಮ್ಮ ಪುಣೆ ಪಕ್ಕದ ರಾಂಜಣಗಾವ್‌ನಲ್ಲೂ ತಯಾರಾಗುತ್ತಿತ್ತು. ಮುಂಬೈ ಏರ್‌ಪೋರ್ಟಿಗೆ ನಾನು ಹೋದ ಒಂದು ಡಿಸೈರ್ ಟ್ಯಾಕ್ಸಿಯ ಮೀಟರ್ 3 ಲಕ್ಷ 40 ಸಾವಿರ ತೋರಿಸುತ್ತಿತ್ತು. ಟರ್ಬೊ ಬದಲಾಯಿಸಿದ್ದೀರಾ ಅಂತ ಡ್ರೈವರನ್ನು ಕೇಳಿದರೆ, "ಟರ್ಬೊ ಅಂದ್ರೆ?" ಅಂದ. ಅಷ್ಟೇ ಕಥೆ. ಟರ್ಬೊ ಅಂದ ಕೂಡಲೇ ಹೆದರೋದು ಪೆಟ್ರೋಲ್ ಕಾರಿನವರು ಮಾತ್ರ.

ಠಾಣೆಹುಡುಗ:

ಭಟ್ರೇ, ಡೀಸೆಲ್ಲಿಗೂ ಪೆಟ್ರೋಲಿಗೂ ಹೋಲಿಸಬೇಡಿ. ಡೀಸೆಲ್ ಇಂಜಿನ್ ಕಟ್ಟೋದೇ ಗಟ್ಟಿಯಾಗಿ. ಅದರ ಹೊಗೆಯೂ ಪೆಟ್ರೋಲ್ ಹೊಗೆಯಷ್ಟು ಬಿಸಿ ಇರಲ್ಲ. ಪೆಟ್ರೋಲಿನಲ್ಲಿ ಟರ್ಬೊಗೆ ಹೊಡೆಯೋ ಹೊಗೆ 900 ಡಿಗ್ರಿ ದಾಟುತ್ತೆ.

ನನ್ನ ಕಥೆ ಕೇಳಿ. ನನ್ನದೂ ಸಣ್ಣ ಟರ್ಬೊ ಪೆಟ್ರೋಲೇ. 71,000ಕ್ಕೆ, ಜುಲೈ ಮಳೆಯಲ್ಲಿ, ಘೋಡ್‌ಬಂದರ್ ರೋಡಿನಲ್ಲಿ ಇದ್ದಕ್ಕಿದ್ದ ಹಾಗೆ ಪಿಕಪ್ ಹೋಯಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎತ್ತಿನಗಾಡಿ. ನೋಡಿದರೆ ಟರ್ಬೊ ಚೆನ್ನಾಗಿಯೇ ಇದೆ, ಅದರ ಪಕ್ಕ ಕೂತಿರೋ ಆಕ್ಚುಯೇಟರ್ ಕೆಟ್ಟಿದೆ. ಬೂಸ್ಟ್, ಅಂದರೆ ಟರ್ಬೊ ತುರುಕೋ ಗಾಳಿಯ ಒತ್ತಡ, ಜಾಸ್ತಿಯಾಗದ ಹಾಗೆ ಗೇಟ್ ತೆರೆಯೋ ಸಣ್ಣ ಮೋಟರು ಅದು. ಬಿಡಿಯಾಗಿ ಕೊಡಲ್ಲ, ಟರ್ಬೊ ಸಮೇತ ತಗೊಳ್ಳಿ ಅಂದರು. ವಾರಂಟಿ ಮುಗಿದಿತ್ತು. ಸಾಮಾನು ಬರೋಕೆ 19 ದಿನ, ಬಿಲ್ಲು ಐದಂಕಿ. 19 ದಿನ ಲೋಕಲ್ ಟ್ರೇನಿನಲ್ಲಿ ನೇತಾಡಿದೆ.

ಹತ್ತು ವರ್ಷ ಇಟ್ಟುಕೊಳ್ಳೋದಾದರೆ ಸುಮ್ನೆ 1.2 ಲೀಟರಿನ ಟರ್ಬೊ ಇಲ್ಲದ ಕಾರು ತಗೊಳ್ಳಿ. ಇಲ್ಲದೇ ಇರೋ ಸಾಮಾನು ಕೆಡಲ್ಲ.

ಚಿಂಚವಡ್‌ಗ್ಯಾರೇಜ್:

ನಾನು ಹುಬ್ಬಳ್ಳಿಯವನು, ಚಿಂಚವಡದಲ್ಲಿ ಗ್ಯಾರೇಜ್ ಇಟ್ಟು 22 ವರ್ಷ ಆಯಿತು. ಮೇಲಿನವರು ಹೇಳಿದ್ದು ಸುಳ್ಳಲ್ಲ, ಹಂಗಂತ ಪೂರ್ತಿ ನಿಜವೂ ಅಲ್ಲ ನೋಡ್ರಿ.

ಮೊದಲು ಟರ್ಬೊ ಅಂದರೆ ಏನು ಅಂತ ಕೈಯಲ್ಲಿ ಹಿಡಿದು ನೋಡಬೇಕು. ಇಷ್ಟೇ ಇಷ್ಟು ಇರುತ್ತೆ, ಒಂದು ದೊಡ್ಡ ತೆಂಗಿನಕಾಯಿ ಗಾತ್ರ. ಒಳಗೆ ಪೆನ್ಸಿಲಿನಂಥ ಒಂದು ಶಾಫ್ಟು, ಅದರ ಎರಡು ತುದಿಗೆ ಎರಡು ಚಕ್ರ. ಒಂದನ್ನು ಸುಡೋ ಹೊಗೆ ತಿರುಗಿಸುತ್ತೆ, ಇನ್ನೊಂದು ತಣ್ಣನೆ ಗಾಳಿಯನ್ನು ಇಂಜಿನ್ನಿಗೆ ತುರುಕುತ್ತೆ. ಜೋರಾಗಿ ಓಡಿಸುವಾಗ ಆ ಶಾಫ್ಟು ನಿಮಿಷಕ್ಕೆ 2 ಲಕ್ಷ ಸುತ್ತು ಹೊಡೆಯುತ್ತೆ, ಅಂದರೆ ಸೆಕೆಂಡಿಗೆ 3,300 ಸುತ್ತು. ಅಷ್ಟು ಸ್ಪೀಡಿಗೆ ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಮುಗಿಯಿತು. ಹೆಚ್ಚಿನ ಟರ್ಬೊಗಳಲ್ಲಿ ಅದು ತೇಲುತ್ತಿರೋದು ತೆಳ್ಳನೆ ಎಣ್ಣೆ ಪದರದ ಮೇಲೆ. ಆ ಎಣ್ಣೆ ಬೇರೆ ಯಾವುದೂ ಅಲ್ಲ, ನಿಮ್ಮ ಇಂಜಿನ್ ಆಯಿಲ್ಲೇ.

ನನ್ನ ಹತ್ತಿರ ಬಂದ ಸತ್ತ ಟರ್ಬೊಗಳಲ್ಲಿ ತಾನಾಗೇ ಸತ್ತದ್ದು ಕಡಿಮೆ, ಮಾಲೀಕರು ಕೊಂದದ್ದೇ ಜಾಸ್ತಿ. ಕಳೆದ ವರ್ಷ ಒಂದು ಕಾರು ಬಂತು, 64,000 ಓಡಿತ್ತು, ನೀಲಿ ಹೊಗೆ. ಆಯಿಲ್ ಹಾಕೋ ಮುಚ್ಚಳ ತಿರುಗಿಸಿ ಬೆರಳು ಒಳಗೆ ಹಾಕಿದೆ. ಹುಣಸೆಹಣ್ಣು ಕಿವುಚಿದ ಮೇಲೆ ಉಳಿಯುತ್ತಲ್ಲ ಗೊಜ್ಜು, ಅದೇ. ಟರ್ಬೊಗೆ ಎಣ್ಣೆ ಒಯ್ಯೋ ಪೈಪು ಬಿಚ್ಚಿದರೆ ಒಳಗೆ ಕರಿ ಕಟ್ಟಿ ಸ್ಟ್ರಾ ಕಡ್ಡಿಯಷ್ಟೂ ದಾರಿ ಇಲ್ಲ. ಹೊಸ ಟರ್ಬೊ ಹಾಕಿಸಿ ಆ ಪೈಪು ಬದಲಾಯಿಸದೇ ಇದ್ದರೆ ಹೊಸದೂ ತಿಂಗಳಲ್ಲಿ ಅದೇ ದಾರಿ ಹಿಡಿಯುತ್ತೆ. ಇದನ್ನು ಎಷ್ಟೋ ಕಡೆ ಮಾಡಲ್ಲ.

ಇನ್ನೊಂದು ಮಾತು, ಲೋಣಾವಳದ ಚಿಕ್ಕಿ. ನಗಬೇಡಿ. ಎಕ್ಸ್‌ಪ್ರೆಸ್‌ವೇನಲ್ಲಿ ಮುಂಬೈ ಕಡೆಯಿಂದ ಖಂಡಾಲಾ ಘಾಟನ್ನು ಒಂದೇ ಉಸಿರಿಗೆ ಏರಿಸುತ್ತಾರೆ, ಎಸಿ ಫುಲ್, ಐದು ಜನ, ಟರ್ಬೊ ಕೆಂಡ ಆಗಿರುತ್ತೆ. ಮೇಲೆ ಬಂದ ತಕ್ಷಣ ಚಿಕ್ಕಿ ಅಂಗಡಿ ಮುಂದೆ ಗಾಡಿ ಹಾಕಿ ಟಪ್ ಅಂತ ಆಫ್. ಎಣ್ಣೆ ನಿಂತುಹೋಯಿತು, ಬಿಸಿ ನಿಲ್ಲಲಿಲ್ಲ. ನಿಂತ ಎಣ್ಣೆ ಅಲ್ಲೇ ಸುಟ್ಟು ಕರಿಯಾಗುತ್ತೆ. ಈಗಿನ ಟರ್ಬೊಗಳಿಗೆ ಕೂಲಂಟ್ ಸುತ್ತುತ್ತೆ, ಕೆಲವಕ್ಕೆ ಇಂಜಿನ್ ಆಫ್ ಆದಮೇಲೂ ಓಡೋ ಪುಟ್ಟ ಪಂಪು ಇದೆ, ಹಾಗಾಗಿ ಮೊದಲಿನಷ್ಟು ಅಪಾಯ ಇಲ್ಲ. ಆದರೂ ಘಾಟ್ ಹತ್ತಿ ನಿಲ್ಲಿಸುವ ಮೊದಲು ಒಂದು ನಿಮಿಷ ಇಂಜಿನ್ ಬಿಡಿ, ಅಷ್ಟರಲ್ಲಿ ಯಾರಿಗೆ ಯಾವ ಚಿಕ್ಕಿ ಅಂತ ತೀರ್ಮಾನ ಮಾಡಿಕೊಳ್ಳಿ. ಊರೊಳಗೆ ನಿಧಾನ ಬಂದು ಮನೆ ಮುಂದೆ ನಿಲ್ಲಿಸುವಾಗ ಇದೇನೂ ಬೇಡ.

ವಾಕಡ್‌ನಿಂದ ಹಿಂಜವಡಿಗೆ ಓಡೋ ಗಾಡಿಗೆ ಕಿಲೋಮೀಟರ್ ಲೆಕ್ಕ ನಂಬಬೇಡಿ. ಮೀಟರ್ ಒಂದು ತಿರುಗುವಷ್ಟರಲ್ಲಿ ಇಂಜಿನ್ ಮೂರು ತಿರುಗಿರುತ್ತೆ. ಪುಸ್ತಕದಲ್ಲಿ 10,000 ಅಂತ ಇದ್ದರೆ ನೀವು 7,000ಕ್ಕೇ ಆಯಿಲ್ ಬದಲಾಯಿಸಿ, ಜೊತೆಗೆ ಫಿಲ್ಟರ್. ಏರ್ ಫಿಲ್ಟರ್‌ನಲ್ಲೂ ಜಿಪುಣತನ ಬೇಡ, ಹರಿದ ಫಿಲ್ಟರಿನಿಂದ ಹೋದ ಒಂದು ಮರಳಿನ ಕಾಳು ಆ ಚಕ್ರದ ರೆಕ್ಕೆಗೆ ಕಲ್ಲು ಹೊಡೆದ ಹಾಗೆ.

ಎಣ್ಣೆಲೆಕ್ಕ:

ಗ್ಯಾರೇಜ್ ಕಾಕಾ ಹೇಳಿದ್ದಕ್ಕೆ ಒಂದಿಷ್ಟು ಸೇರಿಸುತ್ತೇನೆ. ನಾನು ಪುಣೆಯಲ್ಲೇ ಇಂಜಿನ್ ಟೆಸ್ಟಿಂಗ್ ಕೆಲಸ ಮಾಡುವವಳು.

"ಕರುವಿಗೆ ನೊಗ" ಅನ್ನೋದಕ್ಕೆ ಲೆಕ್ಕ ಕೊಡುತ್ತೇನೆ. 2021ರ ಸ್ವಿಫ್ಟ್‌ನ 1197 ಸಿಸಿಯ ಟರ್ಬೊ ಇಲ್ಲದ ಇಂಜಿನ್ 90 ಪಿಎಸ್ ಶಕ್ತಿ ಕೊಡುತ್ತೆ. ಟರ್ಬೊ ಇರೋ ಪೋಲೊ 1.0 ಟಿಎಸ್‌ಐ 999 ಸಿಸಿಯಲ್ಲೇ 110 ಕೊಡುತ್ತೆ. ಲೀಟರಿಗೆ 75 ಒಂದು ಕಡೆ, 110 ಇನ್ನೊಂದು ಕಡೆ. ಹಾಗಾದರೆ ಅಪ್ಪ ಹೇಳಿದ್ದು ಸರಿ ಅಲ್ವಾ? ತಾಳಿ. ಸ್ವಿಫ್ಟ್ ತನ್ನ 113 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸೋ ಬಲ, ಪೂರ್ತಿ ಕೊಡಬೇಕಾದರೆ ನಿಮಿಷಕ್ಕೆ 4,400 ಸುತ್ತು, ಅಂದರೆ 4,400 ಆರ್‌ಪಿಎಂಗೆ ಹೋಗಬೇಕು. ಪೋಲೊ 1,750ರಲ್ಲೇ 175 ಕೊಡುತ್ತೆ. ಅದೇ ಘಾಟನ್ನು ಟರ್ಬೊ ಗಾಡಿ ಅರಚಾಡದೇ ಹತ್ತುತ್ತೆ. ಮತ್ತೆ ಟರ್ಬೊ ಇಂಜಿನ್ ಅಂದರೆ ಹಳೇ ಇಂಜಿನ್ನಿಗೆ ಟರ್ಬೊ ಅಂಟಿಸಿದ್ದಲ್ಲ. ಪಿಸ್ಟನ್, ಕನೆಕ್ಟಿಂಗ್ ರಾಡ್, ಬೇರಿಂಗ್, ಎಲ್ಲವನ್ನೂ ಆ ಒತ್ತಡಕ್ಕೆ ಅಂತಲೇ ಮಾಡಿರುತ್ತಾರೆ. ಪಿಸ್ಟನ್ ಕೆಳಗಿನಿಂದ ಎಣ್ಣೆ ಚಿಮುಕಿಸಿ ತಣ್ಣಗಿಡುತ್ತಾರೆ. ಕರು ಅಲ್ಲ, ಗಿಡ್ಡ ಎತ್ತು ಅನ್ನಿ.

ಆದರೆ ಈ ಎತ್ತಿಗೆ ಒಂದು ಕೆಟ್ಟ ಕಾಯಿಲೆ ಇದೆ, ಅದನ್ನು ತರಿಸೋದು ನಮ್ಮ ಮೈಲೇಜ್ ಹುಚ್ಚು. 40ರ ಸ್ಪೀಡಿಗೆ 5ನೇ ಗೇರ್ ಹಾಕಿ, ಎದುರು ಚಡಾವು ಬಂದರೂ ಗೇರ್ ಇಳಿಸದೇ ಆಕ್ಸಿಲರೇಟರ್ ಒತ್ತೋದು. ಕೆಳಗಿನ ಆರ್‌ಪಿಎಂನಲ್ಲಿ ಬೂಸ್ಟ್ ತುಂಬಿ ಬಂದಾಗ, ಸಿಲಿಂಡರಿಗೆ ಬಿದ್ದ ಎಣ್ಣೆ ಹನಿಯೋ ಕರಿಯ ಚೂರೋ, ಸ್ಪಾರ್ಕ್ ಪ್ಲಗ್‌ಗೆ ಮೊದಲೇ ಬೆಂಕಿ ಹೊತ್ತಿಸಿಬಿಡುತ್ತೆ. ಪಿಸ್ಟನ್ ಇನ್ನೂ ಮೇಲೆ ಬರುತ್ತಿದೆ, ಬೆಂಕಿ ಕೆಳಗೆ ತಳ್ಳುತ್ತಿದೆ. ಸುತ್ತಿಗೆ ಏಟು. ಪಿಸ್ಟನ್ನಿನ ರಿಂಗ್ ಕೂರೋ ಅಂಚು ಮುರಿಯೋದು ಹೀಗೆ. ಎಣ್ಣೆಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಇದು ಹೆಚ್ಚು ಅಂತ ಗೊತ್ತಾದ ಮೇಲೆ ಎಣ್ಣೆಯ ಸ್ಟ್ಯಾಂಡರ್ಡೇ ಬದಲಾಯಿತು. 2018ರಲ್ಲಿ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಬಂತು. ಡಬ್ಬದ ಹಿಂದೆ ಎಪಿಐ ಎಸ್‌ಪಿ ಅಂತ ಇದೆಯಾ, ಕಂಪನಿ ಹೇಳಿದ ಗ್ರೇಡ್ ಇದೆಯಾ, ಎರಡೂ ನೋಡಿ ಹಾಕಿಸಿ. ಅಂಗಡಿಯವನು "ಇದೂ ಅದೇ" ಅಂದರೆ ಒಪ್ಪಬೇಡಿ.

ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಓಡಿಸೋದು ಬೆಲ್ಟೋ ಚೈನೋ ಅಂತಲೂ ಕೇಳಿಕೊಳ್ಳಿ. ಫೋರ್ಡ್‌ನ 1.0 ಇಕೋಬೂಸ್ಟ್ 2012, 2013, 2014, ಮೂರು ವರ್ಷ ಸಾಲಾಗಿ ಇಂಟರ್‌ನ್ಯಾಷನಲ್ ಇಂಜಿನ್ ಆಫ್ ದಿ ಇಯರ್ ಆಯಿತು. ಇಕೋಸ್ಪೋರ್ಟ್‌ನಲ್ಲಿ ಇಲ್ಲಿಗೂ ಬಂತು. ಅದರ ಟೈಮಿಂಗ್ ಬೆಲ್ಟ್ ಇಂಜಿನ್ ಎಣ್ಣೆಯಲ್ಲೇ ನೆಂದು ತಿರುಗುತ್ತೆ. ತಪ್ಪು ಎಣ್ಣೆ ಹಾಕಿದರೆ, ಅಥವಾ ಬದಲಾಯಿಸೋದು ತಡವಾದರೆ, ಬೆಲ್ಟ್ ಪುಡಿಪುಡಿಯಾಗಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತೆ. ಮುಂದೆ ಅವರೇ ಚೈನಿಗೆ ಬಂದರು. ಪ್ರಶಸ್ತಿಗೂ ಬಾಳಿಕೆಗೂ ಸಂಬಂಧ ಇಲ್ಲ, ನೋಡಿ.

ಠಾಣೆಹುಡುಗ:

ಮೇಡಂ, ಇ20, ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ?

ಎಣ್ಣೆಲೆಕ್ಕ:

ಅದು ಟರ್ಬೊ ಇದ್ದವರಿಗೂ ಇಲ್ಲದವರಿಗೂ ಒಂದೇ ತಲೆನೋವು. ಮೈಲೇಜ್ ಸ್ವಲ್ಪ ಇಳಿಯುತ್ತೆ. 2020ರ ಗಾಡಿಯಾದರೆ ರಬ್ಬರ್ ಹೋಸ್, ಸೀಲುಗಳ ಮೇಲೆ ಒಂದು ಕಣ್ಣಿಡಿ. ಎಥನಾಲ್‌ಗೆ ಆಕ್ಟೇನ್ ಜಾಸ್ತಿ, ಇಂಜಿನ್ ನಾಕ್ ಆಗೋ, ಅಂದರೆ ಪೆಟ್ರೋಲ್ ತಾನಾಗೇ ಹೊತ್ತಿ ಒಳಗೆ ಬಡಿಯೋ ವಿಷಯದಲ್ಲಿ ಅದು ಟರ್ಬೊಗೆ ವೈರಿಯಲ್ಲ.

ವಾಸ್ಕೊನಾಯ್ಕ:

ವಾಸ್ಕೊದಿಂದ. ನನ್ನ ಸಣ್ಣ ಟರ್ಬೊ ಪೆಟ್ರೋಲ್ 1,32,000 ಆಗಿದೆ. ಬೆಳಗಾವಿ ಮಾವನ ಮನೆ, ಹಾಗಾಗಿ ಚೋರ್ಲಾ ಘಾಟ್ ತಿಂಗಳಿಗೆ ಎರಡು ಸಲ ಗ್ಯಾರಂಟಿ. ಇಷ್ಟು ವರ್ಷದಲ್ಲಿ ಹೋದದ್ದು: ಒಂದು ಇಗ್ನಿಷನ್ ಕಾಯಿಲ್, ಒಂದು ಕೂಲಂಟ್ ಹೋಸ್, ಎರಡು ಇಂಜಿನ್ ಮೌಂಟು. ಮೂರು ಸಿಲಿಂಡರ್ ಅಲ್ವಾ, ಅಲುಗಾಡಿ ಅಲುಗಾಡಿ ಮೌಂಟಿನ ರಬ್ಬರ್ ತಿನ್ನುತ್ತೆ. ಟರ್ಬೊ ಮುಟ್ಟಿಲ್ಲ. ಇನ್‌ಟೇಕ್ ವಾಲ್ವಿಗೆ ಕಾರ್ಬನ್ ಕಟ್ಟಿತ್ತು, ಒಂದು ಲಕ್ಷಕ್ಕೆ ಬಿಚ್ಚಿಸಿ ಅಕ್ರೋಟು ಸಿಪ್ಪೆಯ ಪುಡಿ ಹೊಡೆಸಿ ಕ್ಲೀನ್ ಮಾಡಿಸಿದೆ. ನಿಜಾರೀ, ತಿನ್ನೋ ಅಕ್ರೋಟೇ. ಪೆಟ್ರೋಲನ್ನು ನೇರ ಸಿಲಿಂಡರಿಗೆ ಚಿಮುಕಿಸೋ ಇಂಜಿನ್‌ಗಳಿಗೆ ಈ ರಗಳೆ. ವಾಲ್ವಿನ ಹಿಂದೆ ಚಿಮುಕಿಸೋದಾದರೆ ಪೆಟ್ರೋಲೇ ತೊಳೆದುಬಿಡುತ್ತೆ. ನಿಮ್ಮದು ಯಾವುದು ಅಂತ ನೋಡಿಕೊಳ್ಳಿ.

ವಾಕಡ್‌ಧಾರವಾಡ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಬಾಣೇರ್‌ಗೆ ಮತ್ತೆ ಹೋಗಿದ್ದೆ. ಕಾಕಾ ಆಯಿಲ್ ಬಗ್ಗೆ ಹೇಳಿದ್ದು ನೆನಪಿತ್ತು, ಹಾಗಾಗಿ ಮೊದಲು ಸರ್ವೀಸ್ ಬಿಲ್ಲು ಕೇಳಿದೆ. 21,000ಕ್ಕೆ ಒಂದು ಸರ್ವೀಸ್, ಆಮೇಲೆ ನೇರ 47,000ಕ್ಕೆ. ನಡುವೆ ಏನೂ ಇಲ್ಲ. "ಹೊರಗಡೆ ಮಾಡಿಸಿದ್ದೆ, ಬಿಲ್ ಕಳೆದುಹೋಗಿದೆ" ಅಂದರು. ಮುಚ್ಚಳ ತೆಗೆದು ಬೆರಳು ಹಾಕಿದೆ. ಗೊಜ್ಜು ಅಂತ ಹೇಳೋಕಾಗಲ್ಲ, ಆದರೆ ಬೆರಳಿಗೆ ಹತ್ತಿದ ಕಪ್ಪು ಮನೆಗೆ ಬಂದು ಸೋಪು ಹಾಕಿದರೂ ಹೋಗಲಿಲ್ಲ. ಕಾರು ಬಿಟ್ಟೆ.

ಈಗ ಇನ್ನೊಂದು ಸಿಕ್ಕಿದೆ, ಅದೇ ಇಂಜಿನ್, 2021ರದ್ದು, 74,000 ಓಡಿದೆ. ಕಿಲೋಮೀಟರ್ ಜಾಸ್ತಿ, ಆದರೆ ಕೊಲ್ಲಾಪುರ ಪುಣೆ ಓಡಾಡಿದ ಗಾಡಿ, ಎಂಟೊಂಬತ್ತು ಸಾವಿರಕ್ಕೊಂದು ಬಿಲ್ಲು ಫೈಲಿನಲ್ಲಿ ಜೋಡಿಸಿಟ್ಟಿದ್ದಾರೆ. ಅಪ್ಪನಿಗೆ ಬಿಲ್ಲುಗಳ ಫೋಟೊ ಕಳಿಸಿದೆ. "ಈ ಮನುಷ್ಯಾ ಮಾರುತಿ 800 ಇಟ್ಟುಕೊಂಡಂಗ ಇಟ್ಟಾನ" ಅಂದರು. ಒಪ್ಪಿದರು ಅಂತಲೇ ಅರ್ಥ. ಕಾಕಾ, ಭಾನುವಾರ ಬೆಳಿಗ್ಗೆ ನಿಮ್ಮಲ್ಲಿಗೆ ತರಲಾ?

ಚಿಂಚವಡ್‌ಗ್ಯಾರೇಜ್:

ಭಾನುವಾರ ಬೆಳಿಗ್ಗೆ ಓಡಿಸಿಕೊಂಡು ಬಂದರೆ ಏನು ಉಪಯೋಗ, ಇಂಜಿನ್ ಬಿಸಿ ಆಗಿರುತ್ತೆ. ಮಾಲೀಕರನ್ನು ಒಪ್ಪಿಸಿ ಶನಿವಾರ ಸಂಜೆಯೇ ತಂದು ನಿಲ್ಲಿಸಿ ಹೋಗಿ. ರಾತ್ರಿಯೆಲ್ಲಾ ತಣ್ಣಗಾಗಲಿ. ಬೆಳಿಗ್ಗೆ 8ಕ್ಕೆ ಮೊದಲನೇ ಸ್ಟಾರ್ಟ್ ನಾನೇ ಮಾಡಬೇಕು. ಚೈನ್ ಸದ್ದು ಎಷ್ಟು ಹೊತ್ತಿಗೆ ನಿಲ್ಲುತ್ತೆ, ಸೈಲೆನ್ಸರಿನಿಂದ ಯಾವ ಬಣ್ಣದ ಹೊಗೆ ಬರುತ್ತೆ ಅನ್ನೋದು ಆ ಮೊದಲ ಹತ್ತು ಸೆಕೆಂಡಿನಲ್ಲೇ ಗೊತ್ತಾಗೋದು. ಆಮೇಲೆ ಟರ್ಬೊದಿಂದ ಬರೋ ಗಾಳಿಯನ್ನು ತಣ್ಣಗಾಗಿಸೋ ಇಂಟರ್‌ಕೂಲರಿನ ಹೋಸ್ ಬಿಚ್ಚಿ ನೋಡೋಣ. ತೆಳ್ಳಗೆ ಎಣ್ಣೆ ಸವರಿದ ಹಾಗಿದ್ದರೆ ಹೆದರಬೇಡಿ, ಎಲ್ಲಾ ಗಾಡಿಯಲ್ಲೂ ಅಷ್ಟು ಇರುತ್ತೆ. ಬಗ್ಗಿಸಿದರೆ ಸುರಿಯೋ ಹಾಗಿದ್ದರೆ ಮಾತ್ರ ಕೀಲಿ ವಾಪಸ್ ಕೊಟ್ಟುಬಿಡಿ.