ಸಹಾಯ ಬೇಕು: ಜೀಪಿನ ಫೋರ್ ವೀಲ್ ಲಿವರ್ ವಾಪಸ್ ಬರುತ್ತಿಲ್ಲ

ಮಂಡ್ಯದಿಂದ ಬರೆಯುತ್ತಿದ್ದೇನೆ. ನನ್ನದು ಹಳೇ ಜೀಪು, ಲಿವರ್ ಹಾಕಿದರೆ ಮಾತ್ರ ನಾಲ್ಕೂ ಚಕ್ರ ಎಳೆಯುವಂಥದ್ದು. ಮೊನ್ನೆ ಕಬ್ಬಿನ ಗದ್ದೆ ಕೆಸರಲ್ಲಿ 4ಎಚ್ (ನಾಲ್ಕೂ ಚಕ್ರ ಎಳೆಯುವ ಸ್ಥಾನ) ಹಾಕಿ ಆರಾಮಾಗಿ ಹೊರಗೆ ಬಂದೆ, ಆದರೆ ತೆಗೆಯೋದು ಮರೆತು ಒಣ ಟಾರು ರಸ್ತೆಯಲ್ಲಿ ಮನೆವರೆಗೂ ಹಾಗೇ ಓಡಿಸಿಬಿಟ್ಟೆ. ಗೇಟಿನ ಹತ್ತಿರ ಪೂರ್ತಿ ತಿರುಗಿಸಿದಾಗ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಮುಗ್ಗರಿಸಿತು, ಟೈರು ಕಿರುಚಿತು. ಈಗ ಲಿವರ್ 2ಎಚ್‌ಗೆ, ಅಂದರೆ ಎರಡೇ ಚಕ್ರ ಎಳೆಯುವ ಸ್ಥಾನಕ್ಕೆ, ಬರುತ್ತಲೇ ಇಲ್ಲ.

ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಓಡಬೇಕು, ಮುಂದಿನ ಹಿಂದಿನ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡುವ ಡಿಫರೆನ್ಷಿಯಲ್ ನಡುವೆ ಇಲ್ಲ, ಅದಕ್ಕೇ ಬಿಗಿದುಕೊಂಡಿದೆ, ಅಲ್ವಾ? ಲಿವರ್ ಇಲ್ಲದೆ ತಾನಾಗೇ ನಾಲ್ಕೂ ಚಕ್ರ ಎಳೆಯುವ ಭಾವನ ಆಲ್ ವೀಲ್ ಕಾರಿಗೆ ಈ ಗೋಳಿಲ್ಲ. ನಾಲ್ಕಡಿ ರಿವರ್ಸ್ ತಗೊಂಡೆ, ಸಡಿಲ ಆಗಲಿಲ್ಲ. ಜಾಕ್ ಹಾಕಿ ಮುಂದಿನ ಒಂದು ಚಕ್ರ ಎತ್ತಿದರೆ ಬಿಡುತ್ತಾ? ಮುಂದಿನ ಟೈರುಗಳು ಹೊಸದು, ಹಿಂದಿನವು ಸವೆದಿವೆ, ಅದೂ ಕಾರಣನಾ? ಮೆಕ್ಯಾನಿಕ್ ಗಾಡಿ ನೋಡದೇನೇ ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಬಿಚ್ಚಬೇಕು ಅಂತಿದ್ದಾರೆ.